ಕೋರೆಹಲ್ಲಿನ ಪಕ್ಕದ್ದು

ಇನ್ನೂ ಸ್ವಲ್ಪ ತೆಗೀರಿ, ಇನ್ನೂ, ಹಾಂ ಸಾಕು — ದೀಪದ ಬೆಳಕು ಹೆಂಗಸಿನ ಅಂಗುಳಿನ ಮೇಲೆ ಬಿದ್ದು ಒದ್ದೆ ಗುಲಾಬಿಯಾಗಿ ಹೊಳೆಯುತ್ತಿದೆ, ನಾಲಗೆ ಮೂಲೆಗೆ ಸರಿದು ಮುದುಡಿಕೊಂಡಿದೆ, ಹೊರಗೆ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಓರಗಿತ್ತಿಯ ಜನ್ಮ ಜಾಲಾಡುತ್ತಿದ್ದಾಗ ಕಿವಿಯಿಂದ ಕಿವಿಗೆ ಹರಡಿದ್ದ ಬಾಯಿ ಕುರ್ಚಿಗೆ ಬಂದ ಕೂಡಲೇ ಕಾಸಗಲವಾಗಿದೆ, ಎಲ್ಲರದೂ ಇದೇ ಕಥೆ, ಎಂದುಕೊಳ್ಳುತ್ತ ದಂತವೈದ್ಯೆ ಇನ್ನಷ್ಟು ಬಾಗಿದಳು, ಬಾಗಿದ್ದಕ್ಕೆ ಸರಿಯಾಗಿ ಸೊಂಟದ ಎಡಕ್ಕೆ, ತುಸು ಕೆಳಗೆ, ಅದೇ ಜಾಗದಲ್ಲಿ, ಕಾದ ತಂತಿಯೊಂದನ್ನು ಯಾರೋ ಬೆರಳಲ್ಲಿ ಮೀಟಿದ ಹಾಗಾಯಿತು. ಬಂತು. ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿತ್ತೋ, ಹೋಗುವಾಗ ಹೇಳಲಿಲ್ಲ, ಬರುವಾಗ ಕೇಳಲಿಲ್ಲ, ಮಾವನ ಮನೆಗೆ ಬಂದ ಅಳಿಯನ ಹಾಗೆ ಕಾಲು ಚಾಚಿ ಕೂತೇಬಿಟ್ಟಿತು. ಅವಳು ಉಸಿರು ಬಿಗಿಹಿಡಿದು ಹುಳುಕಿನೊಳಗೆ ತಿರುಗುತ್ತಿದ್ದ ಸೂಜಿಯನ್ನು ಒಂದು ಕ್ಷಣ ನಿಲ್ಲಿಸಿದಳು, ಕೈ ಅಲುಗಲಿಲ್ಲ, ಕೈ ಎಂದೂ ಅಲುಗಿದ್ದಿಲ್ಲ, ಈ ದೇಹದಲ್ಲಿ ಮರ್ಯಾದೆ ಇರುವುದು ಅದೊಂದಕ್ಕೇ. ಏನ್ ಮಾಡ್ಕೊಂಡ್ರಿ ಮೇಡಂ — ಪಕ್ಕದಲ್ಲಿ ಎಂಜಲು ಹೀರುವ ನಳಿಗೆ ಹಿಡಿದು ನಿಂತ ಸಹಾಯಕಿ, ಗೂಬೆಕಣ್ಣಿ, ಅವಳಿಗೆ ಮಾತ್ರ ಕಾಣುತ್ತದೆ, ಬೇಡವಾದದ್ದೆಲ್ಲ ಆ ಕಣ್ಣಿಗೆ ಮೊದಲು ಕಾಣುತ್ತದೆ. ಏನು ಮಾಡಿಕೊಂಡೆ. ಕಳ್ಳತನದಲ್ಲಿ ಸಿಕ್ಕಿಬಿದ್ದವಳನ್ನು ಕೇಳುವ ಹಾಗೆ ಎಲ್ಲರೂ ಕೇಳುವುದು ಇದೇ, ಏನೋ ಎತ್ತಿದಿರಾ, ಎಲ್ಲೋ ಜಾರಿದಿರಾ, ತಣ್ಣೀರಲ್ಲಿ ನಿಂತಿದ್ದಿರಾ, ಏನಾದರೂ ಮಾಡಿಯೇ ಇರಬೇಕು, ಮಾಡದವಳಿಗೆ ನೋವು ಬಂದರೆ ನಾಳೆ ತಮಗೂ ಬರಬಹುದಲ್ಲ, ಆ ಪುಕ್ಕಲು. ತುಂಬಿದ ಬೀರುವನ್ನು ಗೋಡೆಯಿಂದ ಗೋಡೆಗೆ ಒಬ್ಬಳೇ ತಳ್ಳಿದ್ದಳು, ಏನೂ ಆಗಲಿಲ್ಲ, ಅದಾಗಿ ಎಷ್ಟೋ ದಿನದ ಮೇಲೆ ನೆಲಕ್ಕೆ ಬಿದ್ದ ಕಾಲುಚೀಲ ಎತ್ತಲು ಬಗ್ಗಿದವಳು ಬಚ್ಚಲ ಬಾಗಿಲಲ್ಲೇ ಮೇಜಿನ ಹಾಗೆ ನಾಲ್ಕು ಕಾಲಲ್ಲಿ ನಿಂತುಬಿಟ್ಟಳು, ಹೋದ ಸಲವಂತೂ ಏನೂ ಮಾಡಲಿಲ್ಲ, ನಿದ್ದೆ ಮಾಡಿದಳು, ಎದ್ದಾಗ ಅದು ಅವಳಿಗಿಂತ ಮೊದಲೇ ಎದ್ದಿತ್ತು. ಏನಿಲ್ಲ, ಹತ್ತಿ ಕೊಡು. ಕುರ್ಚಿಯ ಹೆಂಗಸು ಆ ಆ ಎಂದಳು. ನೋವಾಗ್ತಿದೆಯಾ. ಇಲ್ಲವೆಂದು ತಲೆಯಾಡಿಸಿದಳು, ಹಾಗಾದರೆ ಯಾಕಮ್ಮ ಈ ನಾಟಕ.

ನಾಟಕ ಎಂಬ ಮಾತನ್ನು ದಂತವೈದ್ಯೆಯ ಬಗ್ಗೆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿಲ್ಲ, ಹೇಳಲು ಬೆನ್ನೆಲುಬು ಬೇಕು, ಆ ಮನೆಯಲ್ಲಿ ಬೆನ್ನೆಲುಬಿರುವುದು ಅವಳೊಬ್ಬಳಿಗೆ, ಅದೂ ಕೆಟ್ಟದ್ದು — ಕೆಟ್ಟಿಲ್ಲ ಎಂದು ಸಾಬೀತಾಗಿದೆ ಬೇರೆ. ಮೂಳೆ ಡಾಕ್ಟರ್ ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು, ಮದುವೆಯ ಫೋಟೋ ನೋಡುವ ಹಾಗೆ ತಲೆಯನ್ನು ಆ ಕಡೆ ಈ ಕಡೆ ವಾಲಿಸಿ, ಎಷ್ಟು ಚೆನ್ನಾಗಿದೆ ನೋಡಿ ಡಾಕ್ಟ್ರೇ, ನಮ್ಮ ಹುಡುಗರಿಗೆ ಪಾಠ ಮಾಡೋಕೆ ಇಟ್ಕೋಬಹುದು, ನಿಮ್ಮ ವಯಸ್ಸಿಗೆ ಇಂಥ ಬೆನ್ನು ಅಂದ್ರೆ — ಅಭಿನಂದನೆ ಹೇಳುವುದೊಂದು ಬಾಕಿ. ಮತ್ತೆ ನೋವು? ಕನ್ನಡಕ ತೆಗೆದು ಒರೆಸಿದ, ಉತ್ತರ ಗೊತ್ತಿಲ್ಲದ ಡಾಕ್ಟರುಗಳೆಲ್ಲ ಕನ್ನಡಕ ಒರೆಸುತ್ತಾರೆ, ಅವಳೂ ಒರೆಸುತ್ತಾಳೆ, ಮನೇಲಿ ಎಲ್ಲ ಸರಿಯಾಗಿದೆ ತಾನೆ, ಸ್ವಲ್ಪ ಟೆನ್ಷನ್ ಕಡಿಮೆ ಮಾಡ್ಕೊಳ್ಳಿ. ಮನೆಯಲ್ಲಿ ಎಲ್ಲ ಸರಿಯಾಗಿದೆ ಮಹಾನುಭಾವ, ಮನೆಯಲ್ಲಿ ಬೆನ್ನಿಗೊಂದು ಮ್ಯೂಸಿಯಂ ಇದೆ: ಬೆಲ್ಟು, ಬೆಲ್ಟಿನ ಮೇಲಿನ ಬೆಲ್ಟು, ಬಾಳೆಕಾಯಿಯ ಆಕಾರದ ದಿಂಬು, ಮೊಳೆಗಳಿರುವ ಚಾಪೆ, ತಲೆಕೆಳಗಾಗಿ ನೇತುಹಾಕುವ ಯಂತ್ರ, ಎಲ್ಲ ಗಂಡ ತಂದದ್ದು, ಪಾಪದ ಮನುಷ್ಯ, ಪ್ರತಿ ಸಲವೂ ಹೊಸದೊಂದನ್ನು ಹೊತ್ತು ಬಾಗಿಲಲ್ಲಿ ನಿಂತು ಇದು ಗ್ಯಾರಂಟಿ ಕಣೆ ಅನ್ನುತ್ತಾನೆ, ಆಮೇಲೆ ಬೆಳಿಗ್ಗೆ ಸಂಜೆ ಹತ್ತಕ್ಕೆ ಎಷ್ಟು ಎಂದು ನೋವಿನ ಅಂಕ ಕೇಳುತ್ತಾನೆ, ಅವಳು ಮೂರು ಅನ್ನುತ್ತಾಳೆ, ಯಾವಾಗಲೂ ಮೂರು, ಒಂದು ಅಂದರೆ ನಂಬುವುದಿಲ್ಲ, ಎಂಟು ಅಂದರೆ ಅವನ ಮುಖ ನೋಡಲಾಗುವುದಿಲ್ಲ, ಅವನ ಮುಖವನ್ನು ಸಂಭಾಳಿಸುವುದು ಬೆನ್ನಿಗಿಂತ ದೊಡ್ಡ ಕೆಲಸ. ಅವನ ತಂಗಿಯೇ ವಾಸಿ, ನಾದಿನಿ, ಎದುರಿಗೇ ಮೂಗು ಮುರಿಯುತ್ತಾಳೆ: ನಂಗೂ ಬೆನ್ನು ನೋವು ಕಣೇ, ಯಾರಿಗಿಲ್ಲ ಹೇಳು, ನಾನೇನು ಊರಿಗೆಲ್ಲ ಹೇಳ್ಕೊಂಡು ತಿರುಗ್ತೀನಾ — ಈಗ ಹೇಳಿದ್ದು ಮತ್ತೇನು. ಅವಳೊಬ್ಬಳ ಮೇಲೆ ದಂತವೈದ್ಯೆಗೆ ಚೂರು ಗೌರವವಿದೆ, ಅನುಮಾನವನ್ನು ಸಕ್ಕರೆಯಲ್ಲಿ ಅದ್ದಿ ಕೊಡುವುದಿಲ್ಲ.

ಮಧ್ಯಾಹ್ನ ಊಟದ ಡಬ್ಬಿ ತೆರೆಯಲಿಲ್ಲ. ಎಕ್ಸ್‌ರೇ ಕೋಣೆಯ ನೆಲದ ಮೇಲೆ ಅಂಗಾತ ಮಲಗಿ ಕಾಲನ್ನು ಸ್ಟೂಲಿನ ಮೇಲಿಟ್ಟಳು, ತಣ್ಣನೆಯ ನೆಲ ಬೆನ್ನಿಗೆ ತಾಗಿ ಒಂದು ಗಳಿಗೆ ಹಾಯೆನಿಸಿತು, ಒಂದೇ ಗಳಿಗೆ, ಆಮೇಲೆ ತಂತಿ ಇನ್ನೊಂದು ಸುತ್ತು ಬಿಗಿಯಾಯಿತು, ತೊಡೆಯ ಹಿಂದಿನಿಂದ ಮಂಡಿಯವರೆಗೆ ಇಳಿದು ಅಲ್ಲೇನೋ ಮರೆತವನ ಹಾಗೆ ವಾಪಸ್ಸು ಹತ್ತಿತು. ಸ್ಟೂಲಿನ ಅಡಿಯಲ್ಲಿ ಯಾರೋ ಜಗಿದ ಗಮ್ ಅಂಟಿಸಿದ್ದಾರೆ, ಹಲ್ಲಿನ ಗುರುತು ಸಮೇತ, ಮೇಲಿನ ಮುಂದಿನೆರಡು ಹಲ್ಲು ವಕ್ರ, ಸಿಕ್ಕಿದರೆ ಗುರುತು ಹಿಡಿಯುತ್ತೇನೆ ಬಡ್ಡಿಮಗನನ್ನು. ಗೂಬೆಕಣ್ಣಿ ಅವಳನ್ನು ದಾಟಿಕೊಂಡು ಹೋಗಿ ಕೈಗವಸಿನ ಪೆಟ್ಟಿಗೆ ತಂದಳು, ಸತ್ತ ಹಾವನ್ನು ದಾಟುವ ಹಾಗೆ ನೆರಿಗೆ ಎತ್ತಿಕೊಂಡು. ಫೋನು, ಗಂಡನದು. ಎಷ್ಟು ಇವತ್ತು? ಮೂರು. ಧ್ವನಿ ಮೂರರ ಥರ ಇಲ್ವಲ್ಲ. ಹಾಗಾದ್ರೆ ಯಾಕೆ ಕೇಳ್ತೀರಿ. ಅಲ್ಲ, ಕ್ಲಿನಿಕ್ ವಹಿಸ್ಕೋತೀನಿ ಅಂದಿದ್ಲಲ್ಲ ಆ ಜೂನಿಯರ್ ಡಾಕ್ಟರ್ ಹುಡುಗಿ, ಮತ್ತೆ ಫೋನ್ ಮಾಡಿದ್ಲು, ಚೇಂಬರ್ ನೋಡ್ಕೊಂಡು ಹೋಗ್ತೀನಿ ಅಂತಾಳೆ, ಸುಮ್ನೆ ನೋಡೋದು ಅಷ್ಟೇ, ನೀನು ವಾರಕ್ಕೆರಡು ದಿನ ಬಂದ್ರೆ ಸಾಕು, ಕೂತ್ಕೊಂಡು ಸಲಹೆ ಕೊಡು. ಸಲಹೆ. ಹಲ್ಲು ಕೀಳುವ ಕೈಗೆ ಸಲಹೆ ಕೊಡುವ ಬಾಯಿಯ ಪದವಿ. ಆ ಜೂನಿಯರನ್ನು ಅವಳು ಕಂಡಿದ್ದಾಳೆ, ಬಳುಕುವ ಬೆನ್ನು, ಬಿದ್ದ ಪೆನ್ನನ್ನು ಮಾತಾಡುತ್ತಲೇ ಬಗ್ಗಿ ಎತ್ತಿಕೊಂಡಳು, ಮಾತು ತುಂಡಾಗಲೇ ಇಲ್ಲ, ಅದೊಂದು ದೊಡ್ಡ ಸಂಗತಿ ಎಂದು ಅವಳಿಗೆ ಗೊತ್ತೂ ಇರಲಿಲ್ಲ, ಆ ಗೊತ್ತಿಲ್ಲದಿರುವಿಕೆಗೆ ಕೆನ್ನೆಗೆರಡು ಬಾರಿಸಬೇಕೆನಿಸಿತ್ತು. ನೋಡ್ಲಿಕ್ಕೆ ಇದೇನು ಮೃಗಾಲಯವಾ, ಇಡಿ ಫೋನು.

ವಾರ್ತೆ ಬಂದ್ರು ಮೇಡಂ. ಗೂಬೆಕಣ್ಣಿ ಬಾಗಿಲಿಂದಲೇ ಹೇಳಿದಳು, ತುಟಿಯಂಚಿನಲ್ಲಿ ನಗು. ವಾರ್ತೆ ಅಂದರೆ ರೇಡಿಯೋದಲ್ಲಿ ವಾರ್ತೆ ಓದಿ ನಿವೃತ್ತನಾದ ಮುದುಕ, ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು, ಮೂರು ತಿಂಗಳಿಂದ ಒಂದೇ ಹಲ್ಲು ಹಿಡಿದುಕೊಂಡು ಜೀವ ತಿನ್ನುತ್ತಿದ್ದಾನೆ, ಕೆಳಗಿನ ಎಡಗಡೆ, ಕೋರೆಹಲ್ಲಿನ ಪಕ್ಕದ್ದು. ಅವಳು ಗೋಡೆ ಹಿಡಿದು, ಮಂಡಿಯೂರಿ, ಕುರ್ಚಿಯ ತೋಳು ಹಿಡಿದು ಎದ್ದಳು, ಎದ್ದ ಮೇಲೆ ಕೋಟು ನೇರ ಮಾಡಿಕೊಂಡಳು, ಒಳಗೆ ಬರುವಾಗ ಮುಖದಲ್ಲಿ ಏನೂ ಇರಲಿಲ್ಲ. ಅವನ ಮುಖದಲ್ಲಿ ಎಲ್ಲವೂ ಇತ್ತು, ನಾಚಿಕೆಯಿಲ್ಲದೆ, ತೂಗುಹಾಕಿದ ಬಟ್ಟೆಯ ಹಾಗೆ. ಡಾಕ್ಟ್ರೇ, ರಾತ್ರಿಯಿಡೀ ಒಳಗಡೆ ಯಾರೋ ಬಾಗಿಲು ತಟ್ತಾ ಇದ್ರು, ನಿಧಾನವಾಗಿ, ಕೋಪ ಇಲ್ದೆ, ತೆಗೆಯೋ ತನಕ ಹೋಗಲ್ಲ ಅನ್ನೋ ಥರ. ಕೇಳಿ, ಕಾವ್ಯ. ನೋವಿಗೆ ಇಷ್ಟು ಚಂದದ ಮಾತು ಸಿಕ್ಕಿದರೆ ಅದು ನೋವಾಗಿರಲು ಹೇಗೆ ಸಾಧ್ಯ, ಅವಳಿಗೆ ಸಿಕ್ಕಿದ್ದು ಮೂರು ಎಂಬ ಒಂದೇ ಶಬ್ದ. ಹಲ್ಲಿಗೆ ತಣ್ಣನೆಯದಿಟ್ಟು ನೋಡಿದಳು, ಬಿಸಿಯಿಟ್ಟು ನೋಡಿದಳು, ಕನ್ನಡಿಯ ಹಿಡಿಕೆಯಿಂದ ಮೆಲ್ಲಗೆ ಬಡಿದಳು, ಹಲ್ಲು ಸದ್ಗೃಹಸ್ಥನ ಹಾಗೆ ಕೇಳಿದ್ದಕ್ಕೆಲ್ಲ ಸರಿಯಾದ ಉತ್ತರ ಕೊಟ್ಟಿತು. ಮತ್ತೆ ಎಕ್ಸ್‌ರೇ, ಪರದೆಯ ಮೇಲೆ ಹಲ್ಲು ಎದ್ದು ನಿಂತಿತು, ಕಪ್ಪಿನಲ್ಲಿ ಬಿಳಿ, ನೇರ ಬೇರು, ಒಂದು ಗೀರಿಲ್ಲ. ನೋಡಿ, ಏನೂ ಇಲ್ಲ. ಇದೆ. ಇಲ್ಲ ಅಂತ ಹೇಳ್ತಿದೀನಲ್ಲ, ನೀವೇ ನೋಡಿ. ನಂಗೆ ನೋಡಕ್ಕೆ ಬರಲ್ಲ ಡಾಕ್ಟ್ರೇ, ಆದ್ರೆ ಇದೆ. ಮನಸ್ಸಿಗೇನಾದ್ರೂ ಟೆನ್ಷನ್ ಇದ್ರೆ — ಅಂದಳು, ಅಂದಮೇಲೆ ಕನ್ನಡಕ ಒರೆಸುತ್ತಿರುವುದು ಅರಿವಾಗಿ ಮತ್ತೆ ಹಾಕಿಕೊಂಡಳು, ಮುದುಕನ ಮೇಲಿನ ಸಿಟ್ಟು ಇಮ್ಮಡಿಯಾಯಿತು. ಹೆಂಡ್ತಿ ಹೋದ್ಮೇಲೆ ಶುರುವಾಯ್ತು ಅಂತ ಮಗಳೂ ಅಂತಾಳೆ, ಅದು ಸುಳ್ಳು, ಅದಕ್ಕೂ ಮೊದ್ಲೇ ಇತ್ತು, ಅವಳಿಗೆ ಹೇಳಿರ್ಲಿಲ್ಲ ಅಷ್ಟೇ. ತೆಗೆದುಬಿಡಿ. ಚೆನ್ನಾಗಿರೋ ಹಲ್ಲು ತೆಗೆಯಲ್ಲ ನಾನು. ಬೇರೆ ಇಬ್ರನ್ನೂ ಕೇಳ್ದೆ, ಅವ್ರೂ ಹೀಗೇ ಅಂದ್ರು, ಒಬ್ರು ನಕ್ಕರು, ನೀವು ನಗಲಿಲ್ಲ, ಅದಕ್ಕೇ ನಿಮ್ಮ ಹತ್ರ ಬರ್ತೀನಿ. ನಗಲಿಲ್ಲವಂತೆ. ನಗಲು ಬೆನ್ನು ಬಿಡುತ್ತಿರಲಿಲ್ಲ, ನಕ್ಕರೆ ಅಲುಗುತ್ತದೆ, ಅಷ್ಟೇ, ಅದನ್ನು ಕರುಣೆ ಎಂದು ತಿಳಿದು ಮೂರು ತಿಂಗಳು ಮೆಟ್ಟಿಲು ಹತ್ತಿದ್ದಾನೆ, ದಡ್ಡ. ತಂತಿ ಮತ್ತೆ ಮೀಟಿತು, ಈ ಸಲ ಪೂರ್ತಿ, ಕಣ್ಣ ಮುಂದೆ ಸಣ್ಣ ಹಸಿರು ಚುಕ್ಕಿಗಳೆದ್ದವು, ಆ ಚುಕ್ಕಿಗಳ ಆಚೆ ಮುದುಕ ದವಡೆ ಹಿಡಿದುಕೊಂಡು ಕೂತಿದ್ದಾನೆ, ಕೈ ತೋರಿಸಿ ಇಲ್ಲಿ ಅನ್ನುತ್ತಿದ್ದಾನೆ, ಅವನಿಗಾದರೂ ಇಲ್ಲಿ ಎನ್ನಲು ಒಂದು ಜಾಗವಿದೆ, ಕಿತ್ತು ಹಾಕಿ ಅನ್ನಲು ಒಂದು ವಸ್ತುವಿದೆ, ಒಬ್ಬರೆದುರು ಕೂತು ಅಳುಮುಖ ಮಾಡುವ ಧೈರ್ಯವಿದೆ, ಇವನಿಗೆ ಮಾತ್ರ ಯಾಕೆ. ತೆಗೆದು ಅಂಗೈಯಲ್ಲಿಟ್ಟು ತೋರಿಸಬೇಕು. ನೋಡಯ್ಯಾ, ಎಲ್ಲಿದೆ ನಿನ್ನ ಬಾಗಿಲು ತಟ್ಟುವವನು, ಕರಿ ನೋಡೋಣ. ಆಗ ಬಾಯಿ ಮುಚ್ಚುತ್ತದೆ. ಸರಿ. ಮರಗಟ್ಟಿಸೋ ಸೂಜಿ ತಗೊಂಡು ಬಾ. ಗೂಬೆಕಣ್ಣಿ ಅಲುಗಲಿಲ್ಲ. ಯಾವ್ದನ್ನ ತೆಗೀತೀರಿ ಮೇಡಂ, ಅದನ್ನಾ? ಕಿವಿ ಕೇಳಿಸಲ್ವಾ ನಿಂಗೆ.

ಗಟ್ಟಿ ಹಲ್ಲು. ಹುಳುಕು ಹಲ್ಲು ಹೆದರಿ ಬರುತ್ತದೆ, ಇದು ಬರಲಿಲ್ಲ, ಇಕ್ಕಳ ಹಿಡಿದು ಆ ಕಡೆ ವಾಲಿಸಿದಳು, ಈ ಕಡೆ ವಾಲಿಸಿದಳು, ಮೂಳೆ ಬಿಡಲಿಲ್ಲ, ಬಿಡಲು ಕಾರಣವಿದ್ದರಲ್ಲವೇ ಬಿಡುವುದು, ಪ್ರತಿ ಸಲ ತೋಳಿನ ಬಲವೆಲ್ಲ ಭುಜಕ್ಕೆ ಹೋಗಿ ಅಲ್ಲಿಂದ ಸೊಂಟಕ್ಕಿಳಿದು ಅದೇ ಜಾಗದಲ್ಲಿ ಒದೆಯುತ್ತಿತ್ತು, ಇಕ್ಕಳ ಅವನ ಬಾಯಲ್ಲಿದೆಯೋ ತನ್ನ ಬೆನ್ನಲ್ಲಿದೆಯೋ ತಿಳಿಯದ ಹಾಗಾಗಿ ಅವಳ ಹಣೆಯ ಬೆವರು ಅವನ ಇಸ್ತ್ರಿಯ ಕಾಲರಿನ ಮೇಲೆ ಬಿತ್ತು, ಮುದುಕ ಕಣ್ಣು ಮುಚ್ಚಿದ್ದಾನೆ, ಕೈ ಕಟ್ಟಿದ್ದಾನೆ, ಅರ್ಚನೆ ಮಾಡಿಸಿಕೊಳ್ಳುವವನ ಶಾಂತಿ, ಇಷ್ಟು ನಂಬಿಕೆ ಯಾಕಯ್ಯಾ, ಯಾರು ಹೇಳಿದರು ನಂಬು ಅಂತ, ಬೇಡ ಅನ್ನು, ಈಗಲೂ ಕೈಯೆತ್ತಿ ಬೇಡ ಅಂದರೆ ಬಿಟ್ಟುಬಿಡುತ್ತೇನೆ — ಸಾಕು ಮೇಡಂ, ಸ್ವಲ್ಪ ನಿಲ್ಸಿ, ನಿಮ್ಮ ಮುಖ ಒಂಥರಾ ಆಗಿದೆ — ಸುಮ್ನಿರು — ಮತ್ತೊಮ್ಮೆ ತಿರುಗಿಸಿದಳು, ಒಳಗೆ ಸಣ್ಣದಾಗಿ ಏನೋ ಹರಿದ ಸದ್ದು, ಬಂತು. ಅವಳು ಬಾಗಿದವಳು ಬಾಗಿದಂತೆಯೇ ನಿಂತಳು, ಏಳಲಾಗಲಿಲ್ಲ, ಬಲಗೈಯಲ್ಲಿ ಇಕ್ಕಳ, ಎಡಗೈ ಅವನ ಭುಜದ ಮೇಲೆ, ಒರಗಿದ್ದಾಳೆಂದು ಯಾರಿಗೂ ಹೇಳಬಾರದು, ಮುದುಕ ಕಣ್ಣು ಬಿಟ್ಟು ಇಷ್ಟು ಹತ್ತಿರದಿಂದ ಅವಳನ್ನು ನೋಡಿ, ಹತ್ತಿ ಕಚ್ಚಿದ ಬಾಯಲ್ಲಿ, ಮರಗಟ್ಟಿದ ತುಟಿಯಲ್ಲಿ, ಎಲ್ಲಿ ಡಾಕ್ಟ್ರೇ, ನಿಮ್ಗೆ ಎಲ್ಲಿ, ಅಂದ. ಯಾರೂ ಕೇಳದ ಪ್ರಶ್ನೆ, ಎಷ್ಟು ಎಂದು ಕೇಳಿದ್ದಾರೆ, ಯಾಕೆ ಎಂದು ಕೇಳಿದ್ದಾರೆ, ನಿನ್ನಂಥವನಿಗೆ ಹೇಳುವುದಿಲ್ಲ, ಅವಳು ಹಲ್ಲನ್ನು ನೀರಿನಲ್ಲಿ ಅದ್ದಿ ಬೆಳಕಿನ ಕೆಳಗೆ ಹಿಡಿದಳು, ನೋಡಿ, ನೋಡಿ ಇಲ್ಲಿ. ಅವನು ನೋಡಿದ, ತುಂಬ ಹೊತ್ತು, ಏನೂ ಇಲ್ವಲ್ಲ ಅಂದ, ವಾರ್ತೆಯ ಧ್ವನಿಯೆಲ್ಲ ಸೋರಿಹೋಗಿ ಬರಿಯ ಮುದುಕನ ಧ್ವನಿ, ಆಮೇಲೆ ಬೆರಳು ದವಡೆಗೆ ಹೋಯಿತು, ಸೂಜಿ ಕೊಟ್ಟು ಕೊರಡಾಗಿಸಿದ ದವಡೆಗೆ, ಅಲ್ಲೇ ನಿಂತಿತು, ಕಣ್ಣು ತುಂಬಿತು. ಇನ್ನೂ ಇದೆ ಡಾಕ್ಟ್ರೇ. ಸುಳ್ಳು ಎನ್ನಲು ಬಾಯಿ ತೆರೆದಳು, ನಾಟಕ ಎನ್ನಲು ತೆರೆದಳು, ನಾದಿನಿಯ ಮಾತು, ಮೂಳೆ ಡಾಕ್ಟರನ ಮಾತು, ಎಲ್ಲರ ಮಾತೂ ಸಾಲಾಗಿ ಬಂದು ಹಲ್ಲ ಹಿಂದೆ ನಿಂತವು, ಒಂದೂ ದಾಟಲಿಲ್ಲ, ಬೆರಳ ತುದಿಯಲ್ಲಿ ಹಲ್ಲು, ತಿರುಗಿಸಿದಳು, ಬಿಳಿ, ನೇರ ಬೇರು, ತುದಿಯವರೆಗೂ ಇಡಿಯಾಗಿದೆ, ಒಂದು ಕೂದಲೆಳೆಯಷ್ಟೂ, ಮತ್ತೆ ತಿರುಗಿಸಿದಳು, ಮುಂದಿನವರನ್ನ ಕಳಿಸ್ಲಾ ಮೇಡಂ, ಬಿಳಿ, ನೇರ, ಇಡಿಯಾಗಿ, ಮೇಡಂ, ಒಂದು ಗೀರಿಲ್ಲ, ಒದ್ದೆ ಹಲ್ಲು, ಒಂದು ಗೀರಿಲ್ಲ