ಜಿರಳೆ ಇಲ್ಲದ ಊರು

ಇಬ್ರಾಹಿಂ ಕೆಲಸಕ್ಕಿರುವ ಊರಿನಲ್ಲಿ ಜಿರಳೆ ಇಲ್ಲ ಎಂಬ ಸಂಗತಿ ಗೊತ್ತಿಲ್ಲದವರು ಕಡಬ ಪೇಟೆಯಲ್ಲಿ ಒಬ್ಬರೂ ಇರಲಿಲ್ಲ. ಬಹರೈನ್ ಯಾವ ದಿಕ್ಕಿಗಿದೆ ಎಂದು ಕೇಳಿದರೆ ತಲೆ ಕೆರೆದುಕೊಳ್ಳುವವರು ಕೂಡ ಜಿರಳೆಯ ವಿಷಯ ಮಾತ್ರ ಖಂಡಿತವಾಗಿ ಹೇಳುತ್ತಿದ್ದರು. ಇಲ್ಲ ಎಂದರೆ ಇಲ್ಲ, ಔಷಧಿಗೆ ಬೇಕೆಂದರೂ ಒಂದು ಸಿಕ್ಕಲಿಕ್ಕಿಲ್ಲ!

ಇಷ್ಟಕ್ಕೆಲ್ಲ ಕಾರಣ ಪಕ್ಕದ ಜವುಳಿ ಅಂಗಡಿಯ ಪದ್ಮಯ್ಯ. ಇಬ್ರಾಹಿಂ ಕಾಗದ ಬರೆಯುತ್ತಿದ್ದುದು ಕನ್ನಡದಲ್ಲಿ. ಅವನ ಉಮ್ಮ ಜೈನಬಮ್ಮನಿಗಾಗಲಿ ಹೆಂಡತಿ ಸುಹರಾಳಿಗಾಗಲಿ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಹಾಗಾಗಿ ಕಾಗದ ಬಂದ ದಿನ ಪದ್ಮಯ್ಯ ಅಂಗಡಿ ಬಿಟ್ಟು ಬಂದು, ಜಗಲಿಯಲ್ಲಿ ಕೂತು, ಕನ್ನಡಕ ಏರಿಸಿ, ತಾಳಮದ್ದಳೆಯ ಅರ್ಥಧಾರಿಯ ಗತ್ತಿನಲ್ಲಿ ಓದುತ್ತಿದ್ದರು. ಮನೆ ಇದ್ದದ್ದು ಬಸ್ಸು ನಿಲ್ಲುವಲ್ಲಿಯೇ. ಜಗಲಿಯ ಒಂದು ಬದಿಗೆ ಇಬ್ರಾಹಿಮನ ಬಾಪ, ತೀರಿಹೋದ ತಂದೆ, ನಡೆಸಿದ್ದ ಅಂಗಡಿ, ಈಗ ಹಲಗೆ ಹಾಕಿತ್ತು. ಉಪ್ಪಿನಂಗಡಿಯ ಬಸ್ಸಿಗೆ ಕಾದವರು, ಕಾಯದೆ ಸುಮ್ಮನೆ ನಿಂತವರು, ಎಲ್ಲರೂ ಕಿವಿಗೊಡುತ್ತಿದ್ದರು. ಬಾಗಿಲ ಹಿಂದೆ ನಿಂತ ಸುಹರಾಳಿಗೆ ಗಂಡನ ಕಾಗದದಲ್ಲಿ ಸಿಗುತ್ತಿದ್ದ ಪಾಲು ಬಸ್ಸಿಗೆ ಕಾಯುವವರಿಗೆ ಸಿಗುವಷ್ಟೇ.

ಮೊದಲ ವರ್ಷ ಜೈನಬಮ್ಮ, "ನಿನಗೆ ಮಲಗಲಿಕ್ಕೆ ಒಳ್ಳೆ ಜಾಗ ಉಂಟಾ ಮೋನೆ?" ಎಂದು ಪದ್ಮಯ್ಯನ ಕೈಯಲ್ಲೇ ಬರೆಸಿ ಮಗನನ್ನು ಕೇಳಿದ್ದರು. ಉತ್ತರ ಬಂತು: "ಕಂಪೆನಿಯವರು ಮನೆ ಕೊಟ್ಟಿದ್ದಾರೆ. ಒಂದು ಜಿರಳೆ ಸಹ ಇಲ್ಲ." ಪದ್ಮಯ್ಯ ಆ ಸಾಲನ್ನು ಎರಡು ಸಲ ಓದಿದರು. ಅಲ್ಲಿಂದ ಅದು ಬಸ್ಸು ಹತ್ತಿತು, ಸುಳ್ಯಕ್ಕೆ ಹೋಯಿತು, ಪುತ್ತೂರಿನ ಸೋಮವಾರದ ಸಂತೆಗೂ ಹೋಯಿತು. ಜೈನಬಮ್ಮನಂತೂ ಮದುವೆ ಮನೆಯಲ್ಲಿ ಯಾರಾದರೂ ತಮ್ಮ ಮಗನ ಸಂಬಳದ ವಿಷಯ ಎತ್ತಿದರೆ ಸಾಕು, "ಸಂಬಳ ಎಲ್ಲಾ ಕಡೆ ಉಂಟು, ಜಿರಳೆ ಇಲ್ಲದ ಮನೆ ಎಷ್ಟು ಜನಕ್ಕೆ ಉಂಟು?" ಎಂದು ಬಾಯಿ ಮುಚ್ಚಿಸಿಬಿಡುತ್ತಿದ್ದರು.

ಮದುವೆಯಾದ ವರ್ಷವೇ ಹಡಗು ಹತ್ತಿದ್ದ ಇಬ್ರಾಹಿಂ ಮೊದಲ ಬಾರಿಗೆ ರಜೆಯಲ್ಲಿ ಬಂದದ್ದು ಅರವತ್ತಮೂರನೆಯ ಇಸವಿಯ ಚಳಿಗಾಲದಲ್ಲಿ. ಬಸ್ಸಿನ ಮಂಡೆಯಿಂದ ಹಸಿರು ಬಣ್ಣದ ತಗಡಿನ ಟ್ರಂಕು ಇಳಿಯಿತು. ಅದಕ್ಕೆ ಎರಡೆರಡು ಬೀಗ. ದೂರದ ಊರಿಂದ ಬಂದವನ ಪೆಟ್ಟಿಗೆಯನ್ನು ನಾಲ್ಕು ಜನರ ಎದುರಿಗೇ ತೆರೆಯಬೇಕು, ಬೀಗ ತೆಗೆಯುವುದು ತಾಯಿಯ ಕೈಯಿಂದಲೇ ಆಗಬೇಕು ಎಂಬುದು ಆ ಮನೆಯವರ ಪದ್ಧತಿ. ಜಗಲಿ ತುಂಬಿತು. ಇಬ್ರಾಹಿಂ ಸೊಂಟದ ಬೆಲ್ಟಿನಿಂದ ಬೀಗದ ಕೈ ಬಿಚ್ಚಿ ಕೊಟ್ಟ. ಜೈನಬಮ್ಮ ಬಿಸ್ಮಿಲ್ಲಾ ಹೇಳಿ ಮುಚ್ಚಳ ಎತ್ತಿದರು.

ಅತ್ತರಿನ ಪರಿಮಳ ಮೊದಲು ಬಂತು. ಆಮೇಲೆ ಸಾಬೂನು, ಟಾರ್ಚು, ಬಹರೈನಿನ ಹಲ್ವ ತುಂಬಿದ ಚಪ್ಪಟೆ ತಗಡಿನ ಡಬ್ಬಿ ನಾಲ್ಕು. ಸುಹರಾಳಿಗೆಂದು ತಂದ ನೀಲಿ ರೇಷ್ಮೆಯ ಬಟ್ಟೆಯನ್ನು ಜೈನಬಮ್ಮ ಬಿಡಿಸಿದ್ದೇ ತಡ, ಅದರ ಮಡಿಕೆಯಿಂದ ಒಂದು ಪುಟ್ಟ ಕಂದು ಜಿರಳೆ ಹೊರಗೆ ಬಿದ್ದು, ಪದ್ಮಯ್ಯನ ಪಾದದ ಮೇಲೆ ಹಾದು, ಗೋಡೆಯ ಕಡೆಗೆ ಓಡಿತು.

ಜಗಲಿಯವರ ಕಣ್ಣೆಲ್ಲ ಅದರ ಹಿಂದೆಯೇ ಓಡಿತು. ಇಬ್ರಾಹಿಂ ತಿರುಗಿಯೂ ನೋಡದೆ ಕಾಲಿನ ಚಪ್ಪಲಿ ಕಳಚಿ ಟಪ್ಪೆಂದು ಒಂದು ಕೊಟ್ಟ. ಜಿರಳೆ ಅಲ್ಲೇ ಮುಗಿಯಿತು.

"ನೋಡಿದಿರಾ?" ಎಂದ ಅವನು. "ಟ್ರಂಕು ಒಳಗೆ ತಂದು ಒಂದು ಚಾ ಕುಡಿದು ಆಗಲಿಲ್ಲ. ಇಲ್ಲಿಯ ಜಿರಳೆ ಆಗಲೇ ಹೊಕ್ಕಿ ಆಯಿತು!"

ಎಲ್ಲರೂ ಹೌದು ಹೌದು ಎಂದರು. ಜೈನಬಮ್ಮ ಸೊಸೆಯ ಕಡೆ ಒಂದು ನೋಟ ಬೀರಿದರು. ಪದ್ಮಯ್ಯ ಪಾದ ಒರೆಸಿಕೊಳ್ಳುತ್ತ, "ಪಾಪ, ನಿನಗೆ ನೋಡಿ ಅಭ್ಯಾಸ ತಪ್ಪಿರ್ಬೇಕು ಇಬ್ರಾಹಿಮ" ಎಂದು ಸಮಾಧಾನ ಹೇಳಿದರು.

ಸುಹರಾ ಪೊರಕೆ ತಂದು ಸತ್ತದ್ದನ್ನು ಗುಡಿಸಿದಳು. ಬೀಗ ಎರಡೂ ಈಗ ತಾನೇ ತೆಗೆದದ್ದು. ಕಡಬದ ಜಿರಳೆ ಅಂದರೆ ಹೆಬ್ಬೆರಳಿನಷ್ಟು ಉದ್ದ, ಕೋಪ ಬಂದರೆ ಮುಖಕ್ಕೇ ಹಾರುತ್ತದೆ. ಇದು ಹಲಸಿನ ಬೀಜದ ಅರ್ಧವೂ ಇಲ್ಲ. ಇಷ್ಟು ಅವಳಿಗೆ ಹೊಳೆಯಿತು. ಆದರೆ ನಾಲ್ಕು ವರ್ಷಕ್ಕೆ ಬಂದ ಗಂಡನ ಹತ್ತಿರ ಮೊದಲ ಮಾತೇ ಜಿರಳೆಯ ವಂಶಾವಳಿಯೇ?

ಅವಳಿಗೆ ಬೇಕಾದದ್ದು ಬೇರೆಯೇ ಇತ್ತು. ಒಂದು ವಾರ ಕಳೆದ ಮೇಲೆ, ಅವನು ಒಳ್ಳೆಯ ಗುಣದಲ್ಲಿದ್ದ ಹೊತ್ತು ನೋಡಿ ಕೇಳಿಯೇಬಿಟ್ಟಳು.

"ಈ ಸಲ ನನ್ನನ್ನೂ ಕರ್ಕೊಂಡು ಹೋಗಿ. ಮನೆ ಉಂಟಲ್ಲ ಅಲ್ಲಿ?"

ಇಬ್ರಾಹಿಂ ಅಂಗಿಯ ಗುಂಡಿ ಹಾಕುತ್ತಿದ್ದವನು ಅದನ್ನು ಬಿಚ್ಚಿ ಮತ್ತೆ ಹಾಕಿದ.

"ಅಲ್ಲಿ ಮನೆ ನಡೆಸುದು ನೀನು ತಿಳ್ಕೊಂಡ ಹಾಗೆ ಅಲ್ಲ ಸುಹರಾ. ಒಂದು ಜಿರಳೆ ಕಂಡರೆ ಮುನಿಸಿಪಾಲ್ಟಿಯವರು ಬಂದು ಮನೆ ಖಾಲಿ ಮಾಡಿಸ್ತಾರೆ. ಇಲ್ಲಿ ನೋಡು, ನಿನ್ನ ಅಡಿಗೆಕೋಣೆಯಲ್ಲಿ ಎಷ್ಟು ಉಂಟು. ನಿನ್ನಿಂದ ಆಗ್ಲಿಕ್ಕಿಲ್ಲ."

ಬೇಡ ಎಂದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಉಮ್ಮನನ್ನು ನೋಡಿಕೊಳ್ಳುವವರು ಯಾರು ಎಂದಿದ್ದರೂ ಒಪ್ಪುತ್ತಿದ್ದಳು. ಆದರೆ ಕೊಳಕು ಹೆಂಗಸು ಎಂದ ಹಾಗಾಯಿತಲ್ಲ! ಅತ್ತೆ ಕೂಡ ಬೆರಳಿಟ್ಟು ತೋರಿಸದ ಅಡಿಗೆಕೋಣೆ ಅದು. ಅವಳಿಗೆ ಅಳುವೂ ಬಂತು, ಹಟವೂ ಬಂತು. ಹಟ ಗೆದ್ದಿತು.

ಮರುದಿನದಿಂದ ಅಟ್ಟದ ಮೇಲಿನ ಹಂಡೆ ಕಡಾಯಿಗಳೆಲ್ಲ ಅಂಗಳಕ್ಕೆ ಇಳಿದವು. ಮೂಲೆಗೆ ಚಿಮಿಣಿ ಎಣ್ಣೆ, ಗೋಡೆಗೆ ಸುಣ್ಣ, ಸಂದಿಗೆ ಬೇವಿನ ಎಲೆಯ ಹೊಗೆ. ಮನೆಯಲ್ಲಿ ಮೂರು ದಿನ ಚಾ ಕೂಡ ಚಿಮಿಣಿ ಎಣ್ಣೆಯ ವಾಸನೆ ಹೊಡೆಯಿತು.

"ಮೋಳೆ, ಆ ಗೋಡೆಯನ್ನು ಅಷ್ಟು ಉಜ್ಜಬೇಡ" ಎಂದರು ಜೈನಬಮ್ಮ. "ಆಚೆ ಬದಿಯಲ್ಲಿ ಪದ್ಮಯ್ಯನವರು ಕಾಣ್ಲಿಕ್ಕೆ ಸುರುವಾಗ್ತಾರೆ."

ಊರಿನ ದೊಡ್ಡ ಜಿರಳೆಗಳು ಓಡಿಹೋದವು. ಸತ್ತದ್ದರ ಜೊತೆಗೆ ಬಂದಿದ್ದ ಪುಟ್ಟ ಕಂದು ಜಿರಳೆಗಳು ಮಾತ್ರ ಟ್ರಂಕು ಇಟ್ಟ ಕೋಣೆಯಿಂದ ಹೊರಡುವ ಲಕ್ಷಣವೇ ತೋರಲಿಲ್ಲ. ಅವನ್ನು ಹಿಡಿಯಲು ಇಬ್ರಾಹಿಂ ತಾನೇ ಮುಂದೆ ಬಂದ. ಬಾಟ್ಲಿಯ ಕೊರಳಿಗೆ ಒಳಗಿನಿಂದ ತುಪ್ಪ ಸವರಿ, ತಳದಲ್ಲಿ ಬೆಲ್ಲದ ಚೂರು ಹಾಕಿ, ಗೋಡೆಗೆ ಒರಗಿಸಿಟ್ಟ. ಒಳಗೆ ಇಳಿದದ್ದು ಜಾರಿ ಜಾರಿ ಬಿತ್ತು, ಮೇಲೆ ಬರಲಿಲ್ಲ. ಬೆಳಿಗ್ಗೆ ನೋಡಿದರೆ ಬಾಟ್ಲಿಯಲ್ಲಿ ಸಂತೆ.

ಸುಹರಾ ಬೆರಗಾದಳು. ಅಲ್ಲಿಂದ ಗಂಡನನ್ನು ಸ್ವಲ್ಪ ಗಮನವಿಟ್ಟು ನೋಡತೊಡಗಿದಳು. ಚಾದ ಗ್ಲಾಸು ಕೈಗೆ ಕೊಟ್ಟ ಕೂಡಲೇ ಅವನು ಅದರ ಮೇಲೆ ಒಂದು ತಟ್ಟೆ ಮುಚ್ಚುತ್ತಿದ್ದ, ಒಂದು ಗುಟುಕು ಕುಡಿದು ಮತ್ತೆ ಮುಚ್ಚುತ್ತಿದ್ದ. ಊಟಕ್ಕೆ ಕೂತರೆ ಬಟ್ಟಲನ್ನು ಮೊದಲು ನೆಲಕ್ಕೆ ಎರಡು ಸಲ ಕುಟ್ಟುವುದು. ಅಂಗಿ ಹಾಕುವ ಮೊದಲು ಕೊಡವುವುದು, ತೋಳನ್ನು ತಿರುಗಿಸಿ ಇನ್ನೊಮ್ಮೆ ಕೊಡವುವುದು. ಮಧ್ಯಾಹ್ನ ಒರಗುವ ಮುಂಚೆ ಎರಡು ಕಿವಿಗೂ ಹತ್ತಿ ತುರುಕುವುದು. ಹಲ್ವ ಮುಗಿದ ದಿನ ಆ ನಾಲ್ಕು ಚಪ್ಪಟೆ ಡಬ್ಬಿಗಳನ್ನು ತೊಳೆದು, ಬಾಪನ ಕಾಲದ ಹಲಸಿನ ಮರದ ಮಂಚದ ಒಂದೊಂದು ಕಾಲಿನ ಅಡಿಗೆ ಒಂದೊಂದನ್ನು ಇಟ್ಟು, ನೀರು ತುಂಬಿಸಿದ. ಆಮೇಲೆ ಮಂಚದ ಮೇಲೆ ಅಂಗಾತ ಮಲಗಿ, "ಇನ್ನು ನಿದ್ರೆ ಅಂದರೆ ನಿದ್ರೆ!" ಎಂದ. ಆ ಮುಖದಲ್ಲಿದ್ದ ಸುಖ ನೋಡಿ ಸುಹರಾಳಿಗೆ ಏನೋ ಕಸಿವಿಸಿಯಾಯಿತು.

ಒಂದು ಸಂಜೆ ಅವನು ನಮಾಜಿಗೆ ಹೊರಟು ಬಾಗಿಲಲ್ಲಿ ಅಂಗಿ ಕೊಡವುತ್ತಿದ್ದಾಗ ಕೇಳಿದಳು.

"ಅಲ್ಲಿ ಜಿರಳೆ ಇಲ್ಲ, ಅಲ್ವಾ?"

"ಇಲ್ಲ."

"ಸಣ್ಣದು ಸಹ ಇಲ್ವಾ?"

"ಇಲ್ಲ ಅಂತ ಎಷ್ಟು ಸಲ ಹೇಳುದು?" ಎನ್ನುತ್ತ ಅವನು ಚಪ್ಪಲಿಯನ್ನು ಮಗುಚಿ ಮೆಟ್ಟಿಲಿಗೆ ಬಡಿದು, ಒಳಗೆ ಏನೂ ಇಲ್ಲವೆಂದು ನೋಡಿ, ಕಾಲಿಗೆ ಹಾಕಿಕೊಂಡು ಹೋದ.

ಸುಹರಾ ಅಡಿಗೆಕೋಣೆಗೆ ಓಡಿ, ತಲೆಯ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ಜಿರಳೆ ಇಲ್ಲದ ಊರಿನಲ್ಲಿ ಕೂತು ಜಿರಳೆಯ ವಿಷಯದಲ್ಲಿ ಇಷ್ಟೆಲ್ಲ ಪಾಂಡಿತ್ಯ ಸಂಪಾದಿಸುವುದೆಂದರೆ ಸಾಮಾನ್ಯವೇ? ನಗು ಬೇಗ ನಿಂತಿತು. ಕಿವಿಗೆ ಹತ್ತಿ ಇಟ್ಟುಕೊಳ್ಳುವವನ ಕಿವಿಗೆ ಒಮ್ಮೆಯಾದರೂ ಏನೋ ಹೊಕ್ಕಿರಬೇಕು. ಇದು ಹೊಳೆದಾಗ ಅವಳಿಗೆ ತನ್ನ ಮೇಲೆ ಹೊರಿಸಿದ ಅಪವಾದ ಮರೆತೇಹೋಯಿತು. ಎಂಥ ಗೂಡಿನಲ್ಲಿ ಇದ್ದಾನೋ ಎಂದು ಒಲೆಯ ಮುಂದೆ ಕೂತು ಅತ್ತಳು. ಆದರೂ ಕೇಳಲಿಲ್ಲ. ಕೇಳಿದರೆ ಅವನು ಇಲ್ಲ ಎನ್ನುತ್ತಾನೆ, ಇಲ್ಲ ಎಂದ ಮೇಲೆ ಆ ಇಲ್ಲವನ್ನೇ ಹೊತ್ತುಕೊಂಡು ಹಡಗು ಹತ್ತುತ್ತಾನೆ. ಬಾಯಿ ಅವನದೇ ತೆರೆಯಬೇಕು.

ಹೊರಡುವ ದಿನ ಬಂತು. ಜಗಲಿ ಮತ್ತೆ ತುಂಬಿತು. ಟ್ರಂಕು ಬಾಯಿ ತೆರೆದುಕೊಂಡು ಒಳಕೋಣೆಯ ಮಂಚದ ಬದಿಯಲ್ಲಿತ್ತು. ಮಾವಿನ ಮಿಡಿಯ ಭರಣಿ, ಹುರಿದ ಬಾಳೆಕಾಯಿ, ಒಣಮೀನಿನ ಚಟ್ನಿ, ಒಬ್ಬೊಬ್ಬರು ತಂದದ್ದನ್ನು ಜೈನಬಮ್ಮ ಒಳಗೆ ಕಳಿಸುತ್ತಿದ್ದರು.

"ಸುಹರಾ, ನೀನು ಯಾವಾಗ ಹೋಗುದು ಆ ಊರಿಗೆ?" ಎಂದು ಪದ್ಮಯ್ಯ ಜಗಲಿಯಿಂದಲೇ ಕೇಳಿದರು.

"ನಾನು ಹೋದರೆ ಇಲ್ಲಿಯ ಜಿರಳೆಗಳನ್ನು ಯಾರು ನೋಡಿಕೊಳ್ಳುದು ಪದ್ಮಯ್ಯಣ್ಣ?"

ಜಗಲಿ ನಕ್ಕಿತು. ಇಬ್ರಾಹಿಮನೂ ನಗುತ್ತಲೇ ಒಳಗೆ ಬಂದ. ಟ್ರಂಕಿಗೆ ಅಂಗಿ ಇಡಲು ಬಗ್ಗಿದವನ ನಗು ಅಲ್ಲಿಗೇ ನಿಂತಿತು. ಬಟ್ಟೆಗಳ ಮೇಲೆ, ಮಂಚದ ಕಾಲಿನಡಿಯಿಂದ ತೆಗೆದ ನಾಲ್ಕು ಖಾಲಿ ಹಲ್ವದ ಡಬ್ಬಿಗಳು ಒಂದರ ಮೇಲೊಂದು ಕೂತಿದ್ದವು. ಪಕ್ಕದಲ್ಲಿ ಒಂದು ಉಂಡೆ ಹತ್ತಿ.

"ಇದು ಎಂತ?"

"ನಿಮಗೇ" ಎಂದಳು ಸುಹರಾ ಮೆಲ್ಲಗೆ. "ಅಲ್ಲಿಯ ಮಂಚದ ಕಾಲಿಗೆ ಇಟ್ಟುಕೊಳ್ಳಿ. ನಿದ್ರೆಯಾದರೂ ಸರಿ ಬರಲಿ."

ಅವನು ಡಬ್ಬಿಗಳನ್ನು ಕೈಗೆತ್ತಿಕೊಂಡ. ತಿರುಗಿಸಿ ನೋಡಿದ. ಬಾಗಿಲ ಕಡೆ ಒಮ್ಮೆ ನೋಡಿದ. ಸಿಟ್ಟು ಮಾಡುತ್ತಾನೆಂದು ಸುಹರಾ ಎದೆ ಗಟ್ಟಿ ಮಾಡಿಕೊಂಡು ನಿಂತಿದ್ದಳು.

"ಅಲ್ಲಿ ಮಂಚ ಇಲ್ಲ ಸುಹರಾ" ಎಂದ.

ಜಿರಳೆ ಇದೆ ಎಂದು ಅವಳು ಲೆಕ್ಕ ಹಾಕಿದ್ದಳು. ಮಂಚ ಇಲ್ಲದ್ದು ಅವಳ ಲೆಕ್ಕದಲ್ಲಿ ಇರಲಿಲ್ಲ.

"ಗೋದಾಮು ಅದು. ಹಿಟ್ಟಿನ ಮೂಟೆಗಳ ನಡುವೆ ಚಾಪೆ ಹಾಕಿ ಮಲಗುದು, ಎಲ್ಲರೂ. ಮಂಚ ಇದ್ದದ್ದು ಮೇಸ್ತ್ರಿಗೆ ಒಬ್ಬನಿಗೆ. ಅವ ಹೀಗೆ ನಾಲ್ಕು ಕಾಲಿಗೂ ನೀರು ಇಡ್ತಿದ್ದ. ನನಗೂ ಒಂದು ಮಂಚ ಸಿಕ್ಕಿದರೆ ಹೀಗೇ ಮಾಡಬೇಕು ಅಂತ ದಿನಾ ನೋಡ್ತಿದ್ದೆ."

"ಕಾಗದದಲ್ಲಿ ಒಂದು ಮಾತು ಬರೀಲಿಕ್ಕೆ ಆಗ್ತಿರಲಿಲ್ವಾ?"

"ಪದ್ಮಯ್ಯಣ್ಣ ಓದುವ ಕಾಗದದಲ್ಲಾ?"

ನಾಲ್ಕು ವರ್ಷ ಬಾಗಿಲ ಹಿಂದೆ ನಿಂತು, ಇದರಲ್ಲಿ ನನಗೆಂದು ಒಂದು ಮಾತೂ ಇಲ್ಲವಲ್ಲ ಎಂದು ಅವಳು ಕೊರಗಿದ್ದಳು. ಅವನಿಗೂ ಬರೆಯಲು ಇತ್ತು, ಬಸ್ಸಿಗೆ ಕಾಯುವವರ ಎದುರು ಬರೆಯಲಾಗಲಿಲ್ಲ, ಅಷ್ಟೆ. ಹೊರಗೆ ಬಸ್ಸಿನ ಹಾರನ್ ಕೇಳಿಸಿತು.

"ಮೋನೆ, ಬಸ್ಸು ಬಂತು!" ಎಂದು ಜೈನಬಮ್ಮ ಕೂಗಿದರು.

ಇಬ್ರಾಹಿಂ ಕದಲಲಿಲ್ಲ. ಸುಹರಾ ಅವನ ಕೈಯಿಂದ ಡಬ್ಬಿಗಳನ್ನು ತೆಗೆದುಕೊಂಡಳು. ಒಂದೊಂದಾಗಿ ಮಂಚದ ಕಾಲುಗಳನ್ನು ಎತ್ತಿ, ಅಡಿಗೆ ಇಟ್ಟಳು. ಮೊದಲನೆಯದನ್ನು ಅವಳೊಬ್ಬಳೇ ಎತ್ತಿದಳು. ಎರಡನೆಯದಕ್ಕೆ ಅವನು ಕೈಕೊಟ್ಟ. ಅವಳು ಕೊಡಪಾನದಿಂದ ನೀರು ತಂದು ನಾಲ್ಕಕ್ಕೂ ತುಂಬಿಸಿದಳು.

"ಇಲ್ಲಿ ಮಂಚ ಉಂಟು" ಎಂದಳು. "ಬಾಪನ ಅಂಗಡಿ ಉಂಟು, ಹಲಗೆ ತೆಗೆದರಾಯಿತು. ನೀವು ಹೋದಂದಿನಿಂದ ಹಾಕಿಯೇ ಉಂಟು."

"ಜನ ಎಂತ ಹೇಳಿಯಾರು ಮಾರಾಯ್ತಿ?"

ಹಾರನ್ ಇನ್ನೊಮ್ಮೆ ಕೇಳಿಸಿತು. ಅವನು ಬಾಗಿಲ ಕಡೆ ನೋಡಿದ, ಟ್ರಂಕಿನ ಕಡೆ ನೋಡಿದ, ಆಮೇಲೆ ಮಂಚದ ಮೇಲೆ ಕೂತುಬಿಟ್ಟ. ಚಪ್ಪಲಿ ಕಳಚಿ ಕಾಲೆರಡನ್ನೂ ಮೇಲಕ್ಕೆ ಎಳೆದುಕೊಂಡ. ಸುಹರಾಳಿಗೆ ಅಷ್ಟು ಸಾಕಾಯಿತು.

ನಾಲ್ಕು ವರ್ಷ ಬಾಗಿಲ ಹಿಂದೆಯೇ ನಿಂತವಳು ತಲೆಯ ಬಟ್ಟೆ ಸರಿಮಾಡಿಕೊಂಡು ಜಗಲಿಗೆ ಬಂದಳು. ಎಲ್ಲರೂ ಅವಳನ್ನೇ ನೋಡಿದರು.

"ಪದ್ಮಯ್ಯಣ್ಣ, ಬಸ್ಸಿನವರಿಗೆ ಹೋಗ್ಲಿಕ್ಕೆ ಹೇಳಿ."

"ಎಂತ ಆಯ್ತು? ಇಬ್ರಾಹಿಮ ಹೋಗುದಿಲ್ವಾ?"

ಜೈನಬಮ್ಮ ಕೈಯಲ್ಲಿ ಭರಣಿ ಹಿಡಿದು ಸೊಸೆಯ ಮುಖ ನೋಡುತ್ತಿದ್ದರು. ಮಗನ ಮಾನ, ಜಿರಳೆ ಇಲ್ಲದ ಮನೆ, ಎಲ್ಲವೂ ಆ ಹೊತ್ತಿಗೆ ಸುಹರಾಳ ಬಾಯಲ್ಲಿತ್ತು.

"ನಮ್ಮ ಮನೆಯಲ್ಲಿ ಜಿರಳೆ ಹೆಚ್ಚಾಗಿದೆ" ಎಂದಳು ಅವಳು, ಬಸ್ಸಿನಲ್ಲಿ ಕೂತವರಿಗೂ ಕೇಳುವ ಹಾಗೆ. "ನನ್ನೊಬ್ಬಳಿಂದ ಆಗುದಿಲ್ಲ. ಅವರು ಇಲ್ಲಿಯೇ ಬೇಕು."