ಊರಿಗೆ ಅದೊಂದೇ ಗಂಟಲು

ಹುತ್ತರಿಯ ಸುಗ್ಗಿ ಹಬ್ಬ ಮುಗಿದು, ಹಲ್ಲಿಗೆ ಹಲ್ಲು ಬಡಿಯುವ ಚಳಿ ಬಿದ್ದಿತ್ತು. ಅಂಥ ಚಳಿಯಲ್ಲೂ ಬಿಳಿ ದೊರೆಗಳಿಗೆ ಇನ್ನಷ್ಟು ತಂಪು ಬೇಕಾಯಿತು. ನಮ್ಮ ಮನೆಯ ಮೇಲಿನ ಗುಡ್ಡದಲ್ಲಿದ್ದ ಅವರ ಕ್ಲಬ್ಬಿನಲ್ಲಿ ಮಾಂಸ, ಬೆಣ್ಣೆ, ಬಿಯರ್ ಇಡುವುದಕ್ಕೆ ತಂಪು ಕೋಣೆ ಕಟ್ಟಿಸಿದರು. ಕ್ರಿಸ್‌ಮಸ್ ಊಟದ ಹೊತ್ತಿಗೆ ಅದು ತಯಾರಾಗಲೇಬೇಕಂತೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಯಂತ್ರದ ಷೆಡ್ಡಿನಿಂದ ಆ ಕೋಣೆಯವರೆಗೆ ಕಬ್ಬಿಣದ ಕೊಳವೆ ಜೋಡಿಸುವ ಕೆಲಸ ನಮ್ಮವರಿಗೆ ಸಿಕ್ಕಿತು. ಹೆಸರು ಸೋಮಯ್ಯ. ಗಂಡನ ಹೆಸರು ಹೇಳಬಾರದೆಂದು ತೀರಿಹೋದ ಅತ್ತೆ ಕಲಿಸಿದ್ದರು, ಆದರೆ ಈ ಕಥೆ ಹೆಸರಿಲ್ಲದೆ ಮುಗಿಯುವುದಿಲ್ಲ. ಮಂಗಳೂರಿನ ಐಸ್ ಕಾರ್ಖಾನೆಯಲ್ಲಿ ಕೆಲಸ ಕಲಿತು ಬಂದವರು ಅವರು. ಕೊಳವೆಯೊಳಗೆ ಓಡುವುದು ಮೂಗು ಸುಡುವ ಅಮೋನಿಯ. ಹೋಗುವುದಕ್ಕೊಂದು, ಬರುವುದಕ್ಕೊಂದು, ಎರಡು ಕೊಳವೆ. ಒಳಗೆ ಚೂರು ಕಬ್ಬಿಣದ ಪುಡಿ ಉಳಿದರೂ ಯಂತ್ರ ಕೆಡುತ್ತದೆ. ಅದಕ್ಕೆ ಕೊಳವೆಗಳ ಬಾಯಿಗೆ ಮರದ ಬೆಣೆ ಬಡಿದು ಇನ್ನೊಂದು ತುದಿಯಿಂದ ಗಾಳಿ ತುಂಬುತ್ತಿದ್ದರು. ಒತ್ತಡ ತಾಳಲಾರದೆ ಬೆಣೆಗಳು ಒಂದರ ಹಿಂದೆ ಒಂದು ಹಾರಿ ಕಸವೆಲ್ಲ ಹೊರಗೆ ಬೀಳುತ್ತಿತ್ತು. ಎದುರಿಗೆ ಕಟ್ಟಿದ ಬಿಳಿ ಬಟ್ಟೆಯ ಮೇಲೆ ಕೊಳೆ ಕಾಣದಾಗುವವರೆಗೂ ಹೀಗೇ ಊದಬೇಕು. ಊದಿದಾಗಲೆಲ್ಲ ಕೋವಿ ಹೊಡೆದ ಹಾಗೆ ಎರಡು ಸದ್ದು.

ನಮ್ಮಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು. ಮೊದಲ ದಿನ ಆ ಸದ್ದಿಗೆ ಇಡೀ ಊರೇ ನಮ್ಮ ಅಂಗಳಕ್ಕೆ ಓಡಿ ಬಂತು. ಗದ್ದೆಯಾಚೆಯ ಸುಬ್ಬಜ್ಜಿ ಎದೆ ಬಡಿದುಕೊಂಡು ಬಂದು ನೋಡಿದರೆ, ಮಾವ ಬೊಳ್ಳಪ್ಪ ಜಗಲಿಯಲ್ಲಿ ಕೂತು ವೀಳ್ಯ ಮೆಲ್ಲುತ್ತಿದ್ದಾರೆ. ನಗುವೋ ನಗು. ನಾಚಿಕೆಯಾಗಿ ನಮ್ಮವರು ಮನೆಮನೆಗೆ ಹೋಗಿ, ಕ್ಲಬ್ಬಿನ ಕೆಲಸ ಮುಗಿಯುವವರೆಗೆ ಎರಡು ಸದ್ದು ಕೇಳಿದರೆ ಏಳಬೇಡಿ, ಅದು ನನ್ನ ಕೊಳವೆ ಎಂದು ಹೇಳಿ ಬಂದರು.

ಮಾವ ಮಾತ್ರ ನಗಲಿಲ್ಲ. "ಕೋವಿಯ ಮಾತು ಕೆಡಿಸಬೇಡ ಮಗ," ಎಂದರು. "ಊರಿಗೆ ಅದೊಂದೇ ಗಂಟಲು."

ಜೋಡಿ ಗುಂಡು ಕೇಳಿದರೆ ಉಣ್ಣುವ ತುತ್ತು ಬಿಟ್ಟು ಎದ್ದು ಹೋಗುತ್ತಿದ್ದ ಜೀವ ಅದು. ಸುತ್ತಲಿನ ಯಾವ ಮನೆಯ ಸಾವಿಗೂ ಅವರು ತಪ್ಪಿಸಿದವರಲ್ಲ.

ಆ ವಾರವೇ ಅವರಿಗೆ ಎದೆ ಕಟ್ಟಿತು. ಹಾಸಿಗೆ ಹಿಡಿದವರು ಕೇಳಿದ್ದು ಒಂದೇ: ಕೊನೆಯ ನೀರು ಮಗನ ಕೈಯಿಂದ ಆಗಬೇಕು. ನಮ್ಮವರು ರಜೆ ಕೇಳಿದರು. ಕ್ರಿಸ್‌ಮಸ್ ಕಳೆಯಲಿ ಎಂದನಂತೆ ಇಂಜಿನಿಯರ್ ದೊರೆ. ಸಾವಿಗೂ ಅವನೇ ದಿನ ಗೊತ್ತುಮಾಡುವವನ ಹಾಗೆ!

ಒಂದು ಮಧ್ಯಾಹ್ನ ಮಾವನ ಉಸಿರು ಬದಲಾಯಿತು. ಆಳುಗಳೆಲ್ಲ ದೂರದ ಗದ್ದೆಯಲ್ಲಿದ್ದರು, ಮನೆಯಲ್ಲಿ ನಾನೊಬ್ಬಳೇ. ಬಿಟ್ಟು ಓಡುವ ಹಾಗಿಲ್ಲ, ಜೀವ ಇರುವಾಗ ಕೋವಿ ಮುಟ್ಟುವ ಹಾಗೂ ಇಲ್ಲ. ಅವರು ಬಾಗಿಲನ್ನೇ ನೋಡುತ್ತಿದ್ದರು. ಈಗ ಬರುತ್ತಾರೆ ಮಾವ, ಈಗ ಬರುತ್ತಾರೆ ಎಂದು ಸುಳ್ಳು ಹೇಳಿದೆ. ಕೊನೆಗೆ ನಾನೇ ನೀರು ಬಿಟ್ಟೆ. ನುಂಗಿದರು, ಆದರೆ ಕಣ್ಣು ಬಾಗಿಲಿನಿಂದ ಕದಲಲಿಲ್ಲ.

ಕಣ್ಣು ಮುಚ್ಚಿಸಿ, ಗೋಡೆಯ ಕೋವಿ ತೆಗೆದು ಅಂಗಳಕ್ಕೆ ಬಂದು ಎರಡು ಗುಂಡು ಹಾರಿಸಿದೆ. ಯಾರೂ ಬರಲಿಲ್ಲ. ಹೆಣದ ಪಕ್ಕ ಒಬ್ಬಳೇ ಕೂತೆ. ಎಲ್ಲರ ಮನೆಗೂ ಹೋದ ಮನುಷ್ಯನ ಮನೆಗೆ ಒಂದು ನರಪಿಳ್ಳೆ ಇಲ್ಲ.

ಗುಡ್ಡದ ಮೇಲೆ ನಮ್ಮವರಿಗೂ ಆ ಸದ್ದು ಕೇಳಿತ್ತು. ತಂಪು ಕೋಣೆಯಲ್ಲಿ ಕೊಳವೆ ಬಿಗಿಯುತ್ತಿದ್ದವರು, ನನ್ನನ್ನು ಕೇಳದೆ ಯಾಕೆ ಊದಿದೆ ಎಂದು ಬೈಯುತ್ತ, ಇನ್ನೊಂದು ತುದಿಯಲ್ಲಿದ್ದ ಜೊತೆಗಾರ ಜವರಿಯ ಹತ್ತಿರ ಹೋದರಂತೆ.

"ನಾನು ಊದ್ಲಿಲ್ಲ ಅಣ್ಣ," ಎಂದನಂತೆ ಜವರಿ. "ಗಾಳಿ ಇನ್ನೂ ತುಂಬ್ಸೇ ಇಲ್ಲ."

ಕೈಯ ಸ್ಪ್ಯಾನರ್ ಹಿಡಿದುಕೊಂಡೇ ಓಡಿ ಬಂದರು. ಎಣ್ಣೆ ಮೆತ್ತಿದ ಕೈಯಲ್ಲೇ ಅಪ್ಪನ ಬಾಯಿಗೆ ನೀರು ಬಿಟ್ಟರು. ಅದು ಕೆನ್ನೆಯ ಮೇಲೆ ಇಳಿದು ಚಾಪೆಗೆ ಹೋಯಿತು. ನಾನು ಸೆರಗಿನಿಂದ ಒರೆಸಿದೆ.

ಗುಂಡು ಹೊಡೆದೆ, ಯಾರೂ ಬರಲಿಲ್ಲ ಎಂದೆ. ಅವರು ಕೋವಿ ತೆಗೆದುಕೊಂಡು ಹೋಗಿ ಮತ್ತೆ ಎರಡು ಹಾರಿಸಿದರು. ಇಬ್ಬರೂ ಗದ್ದೆಯ ದಾರಿ ನೋಡುತ್ತ ನಿಂತೆವು. ಆಚೆ ಮನೆಯ ಅಂಗಳದಲ್ಲಿ ಸುಬ್ಬಜ್ಜಿ ಭತ್ತ ಹರಡುತ್ತಿದ್ದಳು. ತಲೆ ಎತ್ತಿ ಈ ಕಡೆ ನೋಡಿ, ಮತ್ತೆ ಭತ್ತಕ್ಕೆ ಬಗ್ಗಿದಳು.

ಏಳಬೇಡಿ ಎಂದು ಹೇಳಿ ಬಂದ ಮನೆಗಳಿಗೇ, ಏಳಿ ಎಂದು ಹೇಳಲು ನಮ್ಮವರು ಹೊರಟರು. ಮೊದಲು ಹೋದದ್ದು ಸುಬ್ಬಜ್ಜಿಯ ಅಂಗಳಕ್ಕೆ. ಅವರು ಬಾಯಿ ತೆರೆಯುವ ಮೊದಲೇ ಅವಳು ನಕ್ಕಳಂತೆ. ಇದನ್ನು ಆಮೇಲೆ ಅವಳೇ ನನ್ನ ಕೈ ಹಿಡಿದು ಅಳುತ್ತ ಹೇಳಿದ್ದು.

"ಬಾ ಮಗ, ಈಗ ತಾನೇ ನಿನ್ನ ಸದ್ದು ಕೇಳ್ತು. ಕೆಲಸ ಮುಗೀತಾ? ಇನ್ನಾದ್ರೂ ಹೋಗಿ ಅಪ್ಪನ ಹತ್ರ ಕೂತ್ಕೋ."