ಬೆನ್ನ ಮೇಲಿನ ಕಲೆ

ಹೋಟೆಲು, ಆಸ್ಪತ್ರೆಗಳ ಚಾದರ ಒಗೆದು ಇಸ್ತ್ರಿ ಮಾಡುವ ಕಾರ್ಖಾನೆಯಲ್ಲಿ ನಮಗೆ ಕೆಲಸ. ಕಾದ ರೋಲರಿಗೆ ಒದ್ದೆ ಚಾದರ ಒಡ್ಡೋದು ನನ್ನ ಅಕ್ಕನ ಕೆಲಸ. ರೋಲರಿನ ಮುಂದೆ ಕೈ ತಡೆಯುವ ಕಬ್ಬಿಣದ ಜಾಲರಿ ಇತ್ತು. ಅದಿದ್ದರೆ ಕೆಲಸ ನಿಧಾನ ಅಂತ ಮೇಸ್ತ್ರಿ ಬಿಚ್ಚಿಸಿ ತನ್ನ ಬೀರುವಿನ ಹಿಂದೆ ಇಟ್ಟ. ಮೂರನೇ ದಿನ ಚಾದರದ ಜೊತೆ ಅಕ್ಕನ ಬಲಗೈಯೂ ಒಳಗೆ ಹೋಯಿತು.

'ಕೆಲಸಗಾರ್ತಿಯ ಅಜಾಗರೂಕತೆ' ಅಂತ ದಾಖಲೆ ಪುಸ್ತಕದಲ್ಲಿ ಬರೆದು ಮುಗಿಸಿದ ಮೇಸ್ತ್ರಿ. ರಜೆಯಿಲ್ಲ, ಔಷಧಿಯಿಲ್ಲ. ಬಟ್ಟೆ ಸುತ್ತಿದ ಕೈಯಲ್ಲೇ ಅವಳನ್ನು ಇಸ್ತ್ರಿಪೆಟ್ಟಿಗೆಯ ಮುಂದೆ ನಿಲ್ಲಿಸಿದ.

ಅದೇ ವಾರ ಮಾಲೀಕರಿಂದ ಫಾರಂ ಬಂತು: ಕೆಲಸದಲ್ಲಿ ತೃಪ್ತಿ ಇದೆಯೇ? ಎಲ್ಲರ ಫಾರಂಗೂ ಮೇಸ್ತ್ರಿಯೇ 'ಪೂರ್ಣ ತೃಪ್ತಿ' ಅಂತ ಗುರುತು ಹಾಕಿ ಹೆಬ್ಬೆಟ್ಟು ಒತ್ತಿಸಿಕೊಂಡ. ಅಕ್ಕನ ಹೆಬ್ಬೆರಳು ಬೆಂದು ಗೆರೆಯೇ ಉಳಿದಿರಲಿಲ್ಲ.

"ಎಡಗೈ ಕೊಡಮ್ಮ," ಅಂದ. "ಅದಕ್ಕಾದ್ರೂ ತೃಪ್ತಿ ಇರುತ್ತಲ್ಲ."

ಅವನ ಬಾಲಂಗೋಚಿಗಳು ನಕ್ಕರು.

ಅಷ್ಟೊಂದು ತೃಪ್ತಿಗೆ ಮೇಸ್ತ್ರಿಗೆ ಬಹುಮಾನ ಬಂತು; ಕಾರ್ಖಾನೆಯಲ್ಲೇ ಸಮಾರಂಭ. ಸಮಾರಂಭದ ದಿನ ಬೆಳಿಗ್ಗೆ ಎಂದಿನಂತೆ ತನ್ನ ಬಿಳಿ ಅಂಗಿ ತಂದು ಅಕ್ಕನ ಮುಂದೆ ಎಸೆದ. ಎಂಟು ವರ್ಷದಿಂದ ಅವನ ಅಂಗಿಗೆ ನಮ್ಮದೇ ಪುಕ್ಕಟೆ ಇಸ್ತ್ರಿ.

ಅಕ್ಕ ಅಂಗಿಯ ಬೆನ್ನ ಮೇಲೆ ಪೆಟ್ಟಿಗೆ ಇಟ್ಟಳು. ಎತ್ತಲಿಲ್ಲ. ಹೊಗೆ ಎದ್ದಿತು.

"ಅಕ್ಕಾ, ಸುಡ್ತಿದೆ ಕಣೇ."

"ನನಗೂ ಸುಟ್ಟಿತ್ತು. ಸುಮ್ನಿರು."

ಕಲೆ ಒಳಗಾಗುವಂತೆ ಮಡಚಿ ಕೊಟ್ಟಳು. ಅವನು ತೊಟ್ಟು, ಮೇಲೆ ಕೋಟು ಹಾಕಿ, ಕನ್ನಡಿಯಲ್ಲಿ ಎದೆ ನೋಡಿಕೊಂಡು ಹೋದ.

ವೇದಿಕೆಯ ಮೇಲೆ ಮಾಲೀಕರು ಬಹುಮಾನದ ಜಾಕೆಟ್ ತೆಗೆದು, "ಇಲ್ಲೇ ಹಾಕ್ಕೊಳ್ರೀ," ಅಂದರು. ಮೇಸ್ತ್ರಿ ಕೋಟು ಕಳಚಿದ. ತೋಳು ತೂರಿಸಲು ನಮ್ಮ ಕಡೆ ಬೆನ್ನು ಮಾಡಿದ. ಬೆನ್ನ ತುಂಬ ಇಸ್ತ್ರಿಪೆಟ್ಟಿಗೆಯ ಕಂದು ಅಚ್ಚು. ಕೈ ಎತ್ತಿದ್ದೇ ಸುಟ್ಟ ಬಟ್ಟೆ ಪರ್ರನೆ ಹರಿಯಿತು. ನಾವು ನಕ್ಕೆವು. ಹೊಟ್ಟೆ ಹುಣ್ಣಾಗುವಷ್ಟು.

"ಯಾವಳೇ ಅವಳು?" ಮೇಸ್ತ್ರಿ ಗುಡುಗಿದ.

ಅಕ್ಕ ಎದ್ದಳು. "ನಾನೇ ಸಾರ್. ಅಜಾಗರೂಕತೆ. ಹಾಗೇ ಬರ್ಕೊಳ್ಳಿ."

"ಈಗಲೇ ಮನೆಗೆ ನಡಿ. ನಾಳೆಯಿಂದ ಬರಬೇಡ," ಅಂದ ಮೇಸ್ತ್ರಿ.

ಅಕ್ಕ ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಮಾಲೀಕರ ಮುಂದೆ ಹಿಡಿದಳು. ಅವರು ಮುಖ ತಿರುಗಿಸಿದರು. ಅಷ್ಟರಲ್ಲಿ ನಾವು ಮೂವರು ಕೆಲಸದವರು ಮೇಸ್ತ್ರಿಯ ಬೀರುವಿನ ಹಿಂದಿನ ಜಾಲರಿ ಎಳೆದು ತಂದು ವೇದಿಕೆಯ ಮೇಲೆ ಹಾಕಿದೆವು.

"ಇದನ್ನ ಮೊದಲು ಹಾಕ್ಸಿ," ಅಂದೆ. "ಅವನು ಬರೆದದ್ದನ್ನ ಹರೀರಿ. ಅಲ್ಲೀವರೆಗೂ ರೋಲರ್ ತಿರುಗಲ್ಲ."

ಮೇಸ್ತ್ರಿ ಹರಿದ ಅಂಗಿಯ ಬೆನ್ನನ್ನು ಗೋಡೆಗೆ ಅಂಟಿಸಿ ನಿಂತಿದ್ದ; ಜಾಕೆಟ್ ಇನ್ನೂ ಮಾಲೀಕರ ಕೈಯಲ್ಲೇ ಇತ್ತು. ನಾವು ಹೋದರೆ ಅವನು ಕದಲಬಹುದಿತ್ತು.

ನಾವು ಹೋಗಲಿಲ್ಲ.